ಎಣ್ಣೂರಿನಲ್ಲಿ ಮುಳುಗಿದ ಸೂರ್ಯ

ನೀವು ನಂಬುವುದಿಲ್ಲ, ನನಗೆ ಗೊತ್ತು. ನಂಬಲೂಬೇಡಿ, ಮೊದಲ ಸಾಲಿಗೇ ನಂಬಿಬಿಡುವ ಓದುಗರನ್ನು ಕಂಡರೆ ನನಗೆ ಆಟ ಕೆಟ್ಟಂತಾಗುತ್ತದೆ. ವಿಷಯ ಇಷ್ಟೆ: ಚೆನ್ನೈನ ಕಡಲಿನಲ್ಲಿ ಸೂರ್ಯನನ್ನು ಮುಳುಗಿಸಿದ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಇದ್ದಾನೆ, ಅವನು ನಾನು. ಇಲ್ಲಿ ಸೂರ್ಯ ಕಡಲಿನಿಂದ ಹುಟ್ಟುತ್ತಾನೆ, ಮುಳುಗುವುದಕ್ಕೆ ನಮ್ಮ ಅಣ್ಣಾ ನಗರದ ಫ್ಲ್ಯಾಟುಗಳ ಹಿಂದಕ್ಕೆ ಬರುತ್ತಾನೆ ಎಂದು ನೀವು ಹೇಳಬಹುದು. ಸರಿಯೇ. ಸೃಷ್ಟಿಯಾದಂದಿನಿಂದ ಅವನ ಡ್ಯೂಟಿ ಹಾಗೇ ಇದೆ. ಆದರೂ ಮುಳುಗಿಸಿದೆ. ಸಾಕ್ಷಿ ಬೇಕಿದ್ದರೆ ನಮ್ಮ ಶೀನಣ್ಣನ ಹೋಟೆಲಿಗೆ ಹೋಗಿ ಗಲ್ಲಾ ಎದುರಿನ ಗೋಡೆ ನೋಡಿ. ಗಾಜು, ಚೌಕಟ್ಟು, ಮೇಲೊಂದು ಪುಟ್ಟ ದೀಪ ಎಲ್ಲವೂ ಇದೆ. ದೇವರ ಪಟಕ್ಕೂ ಆ ಹೋಟೆಲಿನಲ್ಲಿ ಅಷ್ಟು ಮರ್ಯಾದೆ ಇಲ್ಲ.

ನಾನು ಗೂಡ್ಸ್ ರೈಲಿನಲ್ಲಿ ಗಾರ್ಡ್ ಆಗಿದ್ದವನು. ಊರು ಮೈಸೂರಾದರೂ ಅನ್ನ ತಿಂದದ್ದೆಲ್ಲ ಈ ಕಡೆಯ ಹಳಿಗಳ ಮೇಲೆ. ಮುಂದೆ ಎಂಜಿನ್ನಿನಲ್ಲಿ ಕುಳಿತ ಡ್ರೈವರಿಗೆ ಊರುಗಳು ಬರುತ್ತವೆ. ಕೊನೆಯ ಡಬ್ಬಿಯಲ್ಲಿ ಕುಳಿತ ಗಾರ್ಡಿಗೆ ಊರುಗಳು ಹೋಗುತ್ತವೆ. ಹೀಗಾಗಿ ದಕ್ಷಿಣ ದೇಶದ ಸಣ್ಣ ಊರುಗಳ ಬೆನ್ನನ್ನು ನನ್ನಷ್ಟು ನೋಡಿದವರು ಯಾರೂ ಇಲ್ಲ. ಬಟ್ಟೆ ಒಣಹಾಕಿದ ಹಿತ್ತಿಲು, ಸಿನಿಮಾ ಟಾಕೀಸಿನ ಹಿಂಬಾಗಿಲು, ಕಲ್ಯಾಣಮಂಟಪದ ಹಿಂದೆ ಎಲೆಗೆ ಕಾದು ನಿಂತ ಹಸುಗಳು. ಇನ್ನೊಂದು ಮಾತು, ಜಂಬವೆಂದು ಬೇಕಾದರೆ ತಿಳಿಯಿರಿ: ಇಡೀ ಸರ್ವಿಸಿನಲ್ಲಿ ನಾನು ಕೂತಲ್ಲಿ ತೂಕಡಿಸಿದವನಲ್ಲ. ನಿವೃತ್ತಿಯಾದ ಮೇಲೂ ಹಗಲು ಹೊತ್ತು ನಿದ್ದೆ ನನ್ನ ಹತ್ತಿರ ಸುಳಿಯುವುದಿಲ್ಲ. ನನ್ನ ಹೆಂಡತಿ ಪದ್ಮಾ ಮಧ್ಯಾಹ್ನ ಮಲಗಿದಾಗ ಮನೆಯ ಗಡಿಯಾರಗಳನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿಡುವುದು ನನಗಿರುವ ಒಂದೇ ಉದ್ಯೋಗ. ಕಾಫಿ ಬೇಗ ಸಿಗುತ್ತದೆ.

ನಿವೃತ್ತಿಯಾದಾಗ ಕೈಗೆ ಸ್ಮಾರ್ಟ್‌ಫೋನು ಬಂತು, ಫೋನಿನಲ್ಲಿ ಕ್ಯಾಮೆರಾ ಬಂತು, ನನ್ನೊಳಗಿನ ಕಲಾವಿದ ಎದ್ದು ಕುಳಿತ. ಈಗ ನಾನು ಊರೂರು ಸುತ್ತಿ ಫೋಟೋ ತೆಗೆಯುತ್ತೇನೆ. ಆದರೆ ಹಳೆಯ ಅಭ್ಯಾಸ ಬಿಡುವುದಿಲ್ಲ. ಎಲ್ಲರೂ ಗೋಪುರದ ಫೋಟೋ ತೆಗೆಯುವಾಗ ನಾನು ಗೋಪುರಕ್ಕೆ ಬೆನ್ನು ಹಾಕಿ, ಗೋಪುರ ದಿನವೂ ಏನನ್ನು ನೋಡುತ್ತಾ ನಿಂತಿದೆಯೋ ಅದರ ಫೋಟೋ ತೆಗೆಯುತ್ತೇನೆ. ಸಾಮಾನ್ಯವಾಗಿ ಅದು ಒಂದು ಮೊಬೈಲ್ ರಿಪೇರಿ ಅಂಗಡಿಯಾಗಿರುತ್ತದೆ. ಎಗ್ಮೋರಿನ ಮ್ಯೂಸಿಯಮ್ಮಿಗೆ ಪದ್ಮಾಳನ್ನು ಕರೆದುಕೊಂಡು ಹೋದಾಗ ಕಂಚಿನ ನಟರಾಜನ ಮುಂದೆ ಜನ ಸಾಲುಗಟ್ಟಿ ಕ್ಲಿಕ್ಕಿಸುತ್ತಿದ್ದರು. ನಾನು ನಟರಾಜನ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯ ಫೋಟೋ ತೆಗೆದೆ. ಕಾವಲಿನ ಹೆಂಗಸು ಎದ್ದು ಹೋಗಿದ್ದರು. ಕುರ್ಚಿಯ ಬೆನ್ನಿಗೆ ಅವರ ಟಿಫಿನ್ ಚೀಲ ತೂಗುತ್ತಿತ್ತು, ಒಂದು ಕಾಲಿನ ಕೆಳಗೆ ಮಡಿಸಿದ ಟಿಕೆಟ್ಟು. ನಟರಾಜನೂ ಒಂಟಿ ಕಾಲಿನಲ್ಲಿ ನಿಂತಿದ್ದಾನೆ, ಆದರೆ ಅವನಿಗೆ ಯಾರೂ ಟಿಕೆಟ್ಟು ಮಡಿಸಿ ಕೊಟ್ಟಿಲ್ಲ.

“ಏನ್ರೀ, ಅಷ್ಟು ದೂರ ಬಂದು ಕುರ್ಚಿ ಫೋಟೋನಾ? ಮನೇಲಿಲ್ವಾ ಕುರ್ಚಿ?” ಎಂದಳು ಪದ್ಮಾ.

“ಇದು ಮ್ಯೂಸಿಯಮ್ಮಿನಲ್ಲಿರೋ ಕುರ್ಚಿ ಕಣೇ.”

“ಹಾಗಾದ್ರೆ ನೀವೂ ಅಲ್ಲೇ ಕೂತ್ಕೊಳ್ಳಿ. ಕೆಳಗೆ ಒಂದು ಬೋರ್ಡ್ ಹಾಕ್ತಾರೆ.”

ಫೋಟೋಗಳ ವಿಷಯದಲ್ಲಿ ನಾನು ಕಂಡುಕೊಂಡ ದೊಡ್ಡ ಸತ್ಯ ಬೇರೆಯೇ ಇದೆ. ಜನ ಫೋಟೋ ನೋಡುವುದಿಲ್ಲ, ಕೆಳಗೆ ಏನು ಬರೆದಿದೆಯೋ ಅದನ್ನು ನೋಡುತ್ತಾರೆ. ಸಣ್ಣ ಊರುಗಳಲ್ಲೆಲ್ಲ ಒಂದು ಗಡಿಯಾರದ ಗೋಪುರ ಇರುತ್ತದಲ್ಲ? ಅಂಥದೊಂದರ ಫೋಟೋ ತೆಗೆದು ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಮೂರು ಬೇರೆ ಬೇರೆ ತಿಂಗಳು, ಮೂರು ಬೇರೆ ಬೇರೆ ಊರುಗಳ ಹೆಸರು ಹಾಕಿ ಕಳಿಸಿದೆ. ಮೈಸೂರಿನಲ್ಲಿರುವ ನನ್ನ ಭಾವಮೈದ ಬಹಳ ಪ್ರವಾಸ ಮಾಡಿದವನು. ಮೂರಕ್ಕೂ ಉತ್ತರ ಬರೆದ. ಒಂದರ ಕೆಳಗೆ ಅವನು ಕಬ್ಬಿನ ಹಾಲು ಕುಡಿದಿದ್ದನಂತೆ. ಇನ್ನೊಂದರ ಕೆಳಗೆ ಅವನ ಚಪ್ಪಲಿ ಕಿತ್ತಿತ್ತಂತೆ. ಮೂರನೆಯದು “ಮೊದಲಿನಷ್ಟು ಚೆನ್ನಾಗಿಲ್ಲ ಭಾವ, ಬಣ್ಣ ಕೆಡಿಸಿದ್ದಾರೆ” ಎಂದ. ಮೂರರಲ್ಲೂ ಗಡಿಯಾರ ಹತ್ತೂ ಹತ್ತು ತೋರಿಸುತ್ತಿತ್ತು. ಗುಂಪಿನಲ್ಲಿ ಯಾರೋ ಅದನ್ನು ಕೇಳಿಯೂ ಬಿಟ್ಟರು. ನಾನು ಬಾಯಿ ತೆರೆಯುವ ಮೊದಲೇ ಭಾವಮೈದನೇ ಸಮಾಧಾನ ಹೇಳಿದ: ಸಣ್ಣ ಊರಿನ ಗಡಿಯಾರಗಳೆಲ್ಲ ನಿಂತೇ ಇರುತ್ತವೆ. ನೋಡಿದಿರಾ? ಸುಳ್ಳು ಹೇಳುವವನಿಗೆ ಹೆಚ್ಚು ಕೆಲಸವಿರುವುದಿಲ್ಲ. ಕೇಳುವವರೇ ಬಂದು ಅರ್ಧ ಕಟ್ಟಿಕೊಡುತ್ತಾರೆ.

ಈಗ ಶೀನಣ್ಣನ ವಿಷಯ. ಶೀನಣ್ಣ ಕುಂದಾಪುರದ ಆಚೆಯ ಒಂದು ಕಡಲತಡಿಯ ಊರಿನವನು. ಊರಿನ ಹೆಸರು ಹೇಳಿದರೆ ಅಲ್ಲಿಯವರು ನನ್ನ ಮೇಲೆ ಜಗಳಕ್ಕೆ ಬಂದಾರು, ಆದ್ದರಿಂದ ಪಡುಕೇರಿ ಎಂದು ಕರೆಯೋಣ. ಮೀಸೆ ಬರುವ ವಯಸ್ಸಿಗೆ ಚೆನ್ನೈಗೆ ಬಂದು, ಇನ್ನೊಬ್ಬರ ಹೋಟೆಲಿನಲ್ಲಿ ಇಡ್ಲಿಹಿಟ್ಟು ರುಬ್ಬಿ, ಆಮೇಲೆ ಸ್ವಂತದ್ದು ಹಾಕಿದ. ನಾನು ಅಲ್ಲಿಗೆ ದಿನಾ ಬೆಳಿಗ್ಗೆ ಕಾಫಿಗೆ ಹೋಗುತ್ತೇನೆ. ನನ್ನನ್ನು ಕಂಡರೆ ಅವನು ಗಲ್ಲಾ ಬಿಡದೆ ಕೈ ಚಾಚುತ್ತಾನೆ. ಕೈ ಕುಲುಕುವುದಕ್ಕಲ್ಲ, ಫೋನಿಗೆ. ನನ್ನ ಫೋನು ಕಿತ್ತುಕೊಂಡು ಹೊಸ ಫೋಟೋಗಳನ್ನು ಒಂದೊಂದಾಗಿ ಬೆರಳಿನಲ್ಲಿ ಸರಿಸಿ ನೋಡುವುದು ಅವನ ಚಟ.

ಶೀನಣ್ಣನಿಗೆ ಒಂದು ವಿಚಿತ್ರ ದಿಕ್ಕುಭ್ರಮೆ ಇದೆ. ನಿಮ್ಮ ಕರಾವಳಿಯ ಯಾವ ಸ್ನೇಹಿತರನ್ನಾದರೂ ಚೆನ್ನೈಗೆ ಕರೆದುಕೊಂಡು ಬಂದು ನೋಡಿ, ಅವರಿಗೂ ಬರುತ್ತದೆ. ಅವರಿಗೆ ಕಡಲು ಇರುವ ಕಡೆ ಪಡುವಣ. ಹುಟ್ಟಿದಂದಿನಿಂದ ಹಾಗೆಯೇ ಕಂಡಿದ್ದಾರೆ. ಶೀನಣ್ಣ ಹೋಟೆಲು ಹಾಕುವಾಗ ಗಣಪತಿಯನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಬೇಕೆಂದು, ಕಡಲು ಯಾವ ಕಡೆ ಎಂದು ಕೇಳಿ, ಅದಕ್ಕೆ ಬೆನ್ನು ಮಾಡಿ ಕೂರಿಸಿದ. ಗಣಪತಿ ಪಶ್ಚಿಮಕ್ಕೆ ನೋಡುತ್ತಾ ಕುಳಿತ. ಮಾರನೆಯ ಬೆಳಿಗ್ಗೆ ದೇವರ ಬೆನ್ನಿಗೆ ಬಿಸಿಲು ಬಿದ್ದಾಗ ಶೀನಣ್ಣನಿಗೆ ತಪ್ಪು ತಿಳಿಯಿತು. ಆದರೆ ಅಷ್ಟರಲ್ಲಿ ಬಾಗಿಲಿಗೆ ಜನ ನುಗ್ಗಿದ್ದರು. “ಅವನಿಗೂ ಇಲ್ಲಿಯ ದಿಕ್ಕ್ ಗೊತ್ತಿಲ್ಲೆ, ನಂಗೂ ಗೊತ್ತಿಲ್ಲೆ. ಇಬ್ರೂ ಹೊಂದ್ಕಂಡ್ ಹೋಪುದ್” ಎಂದು ಹಾಗೇ ಬಿಟ್ಟ. ಇಂದಿಗೂ ಯಾರಾದರೂ ಮರೀನಾಕ್ಕೆ ದಾರಿ ಕೇಳಿದರೆ “ಸೀದಾ ಪಡು ಬದಿಗೆ ಹೋಯ್ನಿ” ಎನ್ನುತ್ತಾನೆ. ಕೇಳಿದವರು ತಮಿಳರಾದ್ದರಿಂದ ಅನಾಹುತವಾಗುವುದಿಲ್ಲ.

ಹೋದ ವರ್ಷ ವ್ಯಾಪಾರ ನಿಲ್ಲಿಸದೆಯೇ ಹೋಟೆಲಿನ ಒಳಗನ್ನೆಲ್ಲ ಹೊಸದು ಮಾಡುವುದೆಂದಾಯಿತು. ಈಗ ಹೋಟೆಲು ನೋಡಿಕೊಳ್ಳುವವಳು ಮಗಳು ವಿನುತಾ. ಇಲ್ಲೇ ಹುಟ್ಟಿ ಇಲ್ಲೇ ಓದಿದವಳು. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳು ಬೆರೆಸಿ ಉತ್ತರ ಕೊಟ್ಟು, ಬೈಯುವಾಗ ಇಂಗ್ಲಿಷಿಗೆ ಹೋಗುತ್ತಾಳೆ. ಗೋಡೆಗಳಿಗೆಲ್ಲ ಕಾಫಿಬೀಜದ ಚಿತ್ರವಿರುವ ಕಾಗದ ಅಂಟಿಸುವುದೆಂದು ಅವಳ ಯೋಜನೆ. ಶೀನಣ್ಣ ಒಂದು ಗೋಡೆ ಕೇಳಿದ. ಗಲ್ಲಾ ಎದುರಿನದು, ದಿನವಿಡೀ ತಾನು ನೋಡುತ್ತಾ ಕೂರುವುದು.

“ಅಲ್ಲಿ ಏನು ಹಾಕ್ತೀರ ಅಪ್ಪಾ? ಪಳೆಯ ಕ್ಯಾಲೆಂಡರ್ ಎಲ್ಲಾಂ ವೇಣಾಂ, ಪ್ಲೀಸ್” ಎಂದಳು ವಿನುತಾ, ಹಳೆಯ ಕ್ಯಾಲೆಂಡರೆಲ್ಲ ಬೇಡವೆಂದು.

“ನಮ್ಮೂರ್ ಕಡ್ಲ್.”

“ಫೋಟೋ ಎಲ್ಲಿದೆ?”

ಫೋಟೋ ಇರಲಿಲ್ಲ. ಶೀನಣ್ಣನಿಗೆ ಬೆನ್ನಿನ ತೊಂದರೆ. ಊರಿಗೆ ಹೋಗದೆ ಬಹಳ ವರ್ಷಗಳಾದವು, ಇನ್ನು ಅಷ್ಟು ದೂರದ ಪ್ರಯಾಣ ಮಾಡಲೇಬಾರದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಪಡುಕೇರಿಯಲ್ಲಿ ಈಗಲೂ ಇರುವವರು ಅವನ ಅಕ್ಕ ರತ್ನಕ್ಕ ಒಬ್ಬರೇ. ಅವರ ಬಳಿ ಇರುವುದು ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ಫೋಟೋ ಬಾರದು. ಆ ಫೋನಿನಲ್ಲಿ ಶೀನಣ್ಣ ಪ್ರತಿ ಭಾನುವಾರ ಕೂಗುವುದನ್ನು ನಾವೆಲ್ಲ ಕೇಳಿದ್ದೇವೆ: “ಅಕ್ಕ, ಕಡ್ಲ್ ಹ್ಯಾಂಗಿತ್ತ್?” ಆ ಕಡೆಯಿಂದ ಉತ್ತರ ಎಂದೂ ಒಂದೇ: “ಕಡ್ಲ್ ಎಲ್ಲಿಗ್ ಹೋತ್ತ್ ಮಾರಾಯ? ಇಲ್ಲೇ ಇತ್ತ್. ಹತ್ರವೇ ಇತ್ತ್.”

ನೋಡಲಾರದ ಊರನ್ನು ಗೋಡೆಯ ಮೇಲಾದರೂ ನೋಡಬೇಕು, ಅದು ಅವನ ಆಸೆ. ಕೆಲಸ ಮುಗಿದು ಪೂಜೆಯಾಗುವ ದಿನದೊಳಗೆ ಒಳ್ಳೆಯ ಫೋಟೋ ಬಾರದಿದ್ದರೆ ಕಾಫಿಬೀಜ. ವಿನುತಾ ಖಡಾಖಂಡಿತ.

ಅದೇ ಹೊತ್ತಿಗೆ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮಗಳ ಮದುವೆ ಕುಂದಾಪುರದಲ್ಲಿ ಬಂತು. ನಾನು ಗಲ್ಲಾ ಮೇಲೆ ಮೊಣಕೈ ಊರಿ ಹೇಳಿದೆ: “ಶೀನಣ್ಣ, ಸೂರ್ಯ ನಿಮ್ಮ ಕಡಲಿಗೆ ಇಳಿಯುವಾಗ ಹಿಡಿದು ಡಬ್ಬಿಯಲ್ಲಿ ಹಾಕಿ ತರುತ್ತೇನೆ. ಗೋಡೆಗೆ ಮೊಳೆ ಹೊಡೆಸು.”

“ಹ್ವಾಯ್ ಗಾರ್ಡ್ರೇ, ಸೂರ್ಯ ಎಲ್ಲಿ ಬೇಕಾರೂ ಮುಳುಗತ್ತ್. ನಂಗೆ ಆ ಹೊಯ್ಗಿ ಬೇಕ್” ಎಂದ ಶೀನಣ್ಣ. ಹೊಯ್ಗೆ ಎಂದರೆ ಅವರ ಕಡೆ ಮರಳು. “ಎರಡ್ ಗದ್ದಿ ಅಗಲ ಇತ್ತ್ ಮಾರಾಯ್ರೆ. ದೋಣಿ ಎಳ್ದ್ ಹಾಕ್ತಿದ್ರ್, ಅದ್ರ ನೆಳ್ಳಲ್ಲೇ ನಮ್ಮ್ ಆಟ. ಹೊಯ್ಗಿ ಸಮಾ ಬರ್ಕ್, ಕಾಣಿ.”

ಹೋದೆ. ಮದುವೆಯಲ್ಲಿ ಉಂಡೆ. ಹೇಗೆ ಉಂಡೆ ಎಂದು ಕೇಳಬೇಡಿ. ಹೋಳಿಗೆಯವನು ನನ್ನ ಎಲೆಯ ಮುಂದೆ ಬಗ್ಗಿದವನು ಮತ್ತೆ ನೆಟ್ಟಗಾಗಲೇ ಇಲ್ಲ. ಮಧ್ಯಾಹ್ನ ಕಳೆದ ಮೇಲೆ ಪದ್ಮಾಳನ್ನು ಛತ್ರದಲ್ಲಿ ಬಿಟ್ಟು ಒಬ್ಬನೇ ರಿಕ್ಷಾ ಹಿಡಿದು ಪಡುಕೇರಿಗೆ ಹೋದೆ. ಸೂರ್ಯ ಇನ್ನೂ ಮೇಲಿದ್ದ. ತೆಂಗಿನ ಮರದ ಕೆಳಗೆ ಕುಳಿತೆ. ಗಾಳಿ ಬಂತು. ಹೊಟ್ಟೆ ತುಂಬಿತ್ತು. ನಿದ್ದೆ ಬಂತು. ಕಣ್ಣು ಬಿಟ್ಟಾಗ ಸೂರ್ಯ ಹೋಗಿಯಾಗಿತ್ತು, ಕಡಲಿನ ಮೇಲೆ ಮಸಿ ಬಣ್ಣದ ಒಂದು ಗೀಟು ಮಾತ್ರ ಉಳಿದಿತ್ತು. ಮಾರನೆಯ ದಿನ ಬೆಳಿಗ್ಗೆಯೇ ನಮ್ಮ ರೈಲು.

ಛತ್ರಕ್ಕೆ ಬಂದಾಗ ಪದ್ಮಾ ಕೇಳಿದಳು. “ಸಿಕ್ಕಿದನಾ ನಿಮ್ಮ ಸೂರ್ಯ?”

“ಸಿಕ್ಕಲಿಲ್ಲ.”

“ಅಷ್ಟು ದೊಡ್ಡವನು, ದಿನಾ ಅದೇ ಜಾಗಕ್ಕೆ ಬರೋನು, ಅವನೂ ಸಿಕ್ಕಲಿಲ್ವಾ?” ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಪ್ಯಾಂಟೆಲ್ಲ ಯಾಕೆ ಒದ್ದೆ?”

ಈ ಹೆಂಗಸಿಗೆ ಬೇಕಾದ್ದು ಕಾಣುವುದಿಲ್ಲ, ಬೇಡದ್ದು ಕಾಣುತ್ತದೆ.

ಚೆನ್ನೈಗೆ ಬಂದು ಎರಡು ದಿನ ಶೀನಣ್ಣನ ಬೀದಿಗೇ ಹೋಗಲಿಲ್ಲ. ಮನೆಯ ಕಾಫಿ ಕುಡಿದೆ, ಅದರಲ್ಲೇ ನನ್ನ ಸಂಕಟ ನಿಮಗೆ ಅರ್ಥವಾಗಬೇಕು. ಡಬ್ಬಿಯಲ್ಲಿ ಹಾಕಿ ತರುತ್ತೇನೆಂದು ಜಂಬ ಕೊಚ್ಚಿದವನು ಬರಿಗೈಯಲ್ಲಿ ಹೋಗಿ ನಿಲ್ಲುವುದು ಹೇಗೆ? ಮೂರನೆಯ ದಿನ ಬೆಳಕು ಹರಿಯುವ ಮೊದಲೇ ಎದ್ದು ಆಟೋ ಹಿಡಿದು, ನಗರದ ಉತ್ತರ ತುದಿಯಲ್ಲಿರುವ ಎಣ್ಣೂರು ಎಂದೆ. ಆಟೋದವನು ನನ್ನನ್ನು ತಿರುಗಿ ನೋಡಿದ.

“ಎಣ್ಣೂರ್ಲ ಎನ್ನ ಸಾರ್ ಪಾಕ್ಕಪ್ಪೋರೀಂಗ? ಪೊಗೆ ದಾನ್ ಇರುಕ್ಕು.” ನೋಡೋಕೆ ಏನಿದೆ ಅಲ್ಲಿ, ಬರೀ ಹೊಗೆ ಎಂದು ಅವನ ಅಭಿಪ್ರಾಯ.

ಮಣಲಿ ದಾಟುವಾಗ ಎಣ್ಣೆ ಕಾರ್ಖಾನೆಯ ಬೆಂಕಿಯ ನಾಲಿಗೆ ಆಕಾಶ ನೆಕ್ಕುತ್ತಿತ್ತು. ಎಣ್ಣೂರಿನ ಅಳಿವೆಯ ಹತ್ತಿರ ಮೀನುಗಾರರ ಕೇರಿ ಮುಗಿದ ಮೇಲೆ ಒಂದಿಷ್ಟು ಅಗಲವಾದ ಮರಳು ಇದೆ. ದೋಣಿಗಳನ್ನು ಎಳೆದು ಹಾಕಿದ್ದರು. ವಿದ್ಯುತ್ ಕೇಂದ್ರದ ಚಿಮಣಿಗಳೆಲ್ಲ ನನ್ನ ಬೆನ್ನ ಹಿಂದೆ ಬರುವಂತೆ ನಿಂತೆ. ಎಲ್ಲದಕ್ಕೂ ಬೆನ್ನು ಹಾಕುವ ನನ್ನ ಕಲೆ ಅಂದು ಸಾರ್ಥಕವಾಯಿತು. ದೂರದಲ್ಲಿ ಬಂದರಿಗೆ ಕಾದು ನಿಂತಿದ್ದ ಹಡಗೊಂದನ್ನು ಒಂದು ದೋಣಿಯ ಮೂತಿಯ ಹಿಂದೆ ಅಡಗಿಸಿದೆ. ಮೂಗಿನ ಪಾಡು ಬೇರೆ ಇತ್ತು, ಆದರೆ ಫೋಟೋದಲ್ಲಿ ವಾಸನೆ ಬೀಳುವುದಿಲ್ಲವಲ್ಲ. ಬಲೆ ಬಿಡಿಸುತ್ತಿದ್ದವನೊಬ್ಬ “ಎನ್ನ ತಾತಾ, ರೀಲ್ಸಾ?” ಎಂದು ಕೂಗಿದ. ಹೌದು ಎಂದು ಕೈ ಬೀಸಿದೆ. ಸೂರ್ಯ ನೀರಿನಿಂದ ಅರ್ಧ ಮೇಲೆದ್ದಾಗ ಒತ್ತಿದೆ.

ಆ ಕ್ಷಣದಲ್ಲಿ ಅವನು ಏಳುತ್ತಿದ್ದಾನೋ ಇಳಿಯುತ್ತಿದ್ದಾನೋ, ದೇವರಾಣೆಗೂ ಫೋಟೋದಲ್ಲಿ ತಿಳಿಯದು. ಅದೇ ಕೆಂಪು, ಅದೇ ನೀರಿನ ಮೇಲಿನ ದಾರಿ. ನಮ್ಮ ಹಳೆಯ ಕವಿಗಳನ್ನು ನೋಡಿ. ಮಹಾಕಾವ್ಯ ಬರೆಯಬೇಕಾದರೆ ಹದಿನೆಂಟು ವರ್ಣನೆ ಇರಲೇಬೇಕೆಂಬ ನಿಯಮ. ಸಮುದ್ರ ಬೇಕು, ಪಟ್ಟಣ ಬೇಕು, ಸೂರ್ಯೋದಯ ಬೇಕು. ಬಯಲುಸೀಮೆಯಲ್ಲಿ ಕುಳಿತ ಕವಿ ಕಡಲು ಕಂಡಿದ್ದನೋ ಇಲ್ಲವೋ ಯಾರು ಬಲ್ಲರು? ಊರ ಕೆರೆಗೆ ಒಂದಿಷ್ಟು ತಿಮಿಂಗಿಲ ಬಿಟ್ಟು ಕೆಲಸ ಮುಗಿಸಿದ. ಅರಸನೂ ಕಂಡಿರಲಿಲ್ಲ, ಹೌದು ಹೌದು ಎಂದು ತಲೆದೂಗಿದ. ನಾನು ಆ ಪರಂಪರೆಯ ಕೊನೆಯ ಕವಿ. ಸಮುದ್ರ, ಪಟ್ಟಣ, ಸೂರ್ಯೋದಯ ಮೂರನ್ನೂ ಒಂದೇ ಒತ್ತಿಗೆ ಮುಗಿಸಿದೆ. ಪಟ್ಟಣವನ್ನು ಬೆನ್ನ ಹಿಂದೆ ಬಿಟ್ಟೆ, ಅಷ್ಟೆ.

ಶೀನಣ್ಣನಿಗೆ ಫೋನು ಕೊಟ್ಟೆ. ಅವನು ಸರಿಸಲಿಲ್ಲ. ಹಿಡಿದುಕೊಂಡು ಕುಳಿತ. ಬಿಲ್ಲಿಗೆ ಬಂದವರು ಸಾಲು ನಿಂತರು. ಆಮೇಲೆ, “ಹೊಯ್ಗಿ ಹಾಂಗೇ ಇತ್ತ್” ಎಂದ. ಕಡಲಿನ ಮೇಲೆ ಸೂರ್ಯನಿದ್ದರೆ ಅದು ಸಂಜೆಯೇ. ಅವನ ಕಣ್ಣಿಗೆ ಬೇರೆ ಸಾಧ್ಯತೆಯೇ ಇಲ್ಲ. ಇಷ್ಟು ವರ್ಷ ಚೆನ್ನೈಯಲ್ಲಿದ್ದೂ ಹೊತ್ತು ಹುಟ್ಟುವುದನ್ನು ಅವನು ನೋಡಿದ್ದು ಕಡಿಮೆ. ಆ ಹೊತ್ತಿಗೆ ಅವನು ಇಡ್ಲಿ ಪಾತ್ರೆಯ ಮುಂದಿರುತ್ತಿದ್ದ.

ಫೋಟೋ ದೊಡ್ಡದಾಗಿ ಅಚ್ಚಾಗಿ ಗೋಡೆ ಏರಿತು. ಕೆಳಗೆ “ಪಡುಕೇರಿ” ಎಂದು ಹಿತ್ತಾಳೆಯ ಅಕ್ಷರ. ಅದಾದ ಮೇಲೆ ನಡೆದದ್ದಕ್ಕೆ ನನ್ನ ಭಾವಮೈದನನ್ನು ನೆನೆಸಿಕೊಳ್ಳಿ. ಕರಾವಳಿಯ ಗಿರಾಕಿಗಳು ಒಬ್ಬೊಬ್ಬರಾಗಿ ಅದರ ಮುಂದೆ ನಿಂತು ತಮ್ಮ ತಮ್ಮ ಊರನ್ನು ಕಂಡರು. ಹೋಟೆಲಿನಲ್ಲಿ ದೋಸೆ ಹಾಕುವ ಭಟ್ಟರು ಆ ದೋಣಿಯ ಆಚೆ ಬಲಕ್ಕೆ ತಿರುಗಿದರೆ ತಮ್ಮ ಅತ್ತೆಮನೆ ಎಂದರು. ಆ ದೋಣಿಯ ಆಚೆ ಬಲಕ್ಕೆ ತಿರುಗಿದರೆ ವಿದ್ಯುತ್ ಕೇಂದ್ರದ ಬೂದಿಗುಂಡಿ ಇದೆ. ನಾನು ಕಾಫಿ ಕುಡಿಯುತ್ತಾ ಹೌದು ಹೌದು ಎಂದೆ.

ಕೆಲಸವೆಲ್ಲ ಮುಗಿದ ಮೇಲಿನ ಪೂಜೆಗೆ ರತ್ನಕ್ಕ ಬರುತ್ತಾರೆಂದು ಗೊತ್ತಾದಾಗ ಮಾತ್ರ ಕಾಫಿ ಲೋಟ ಅರ್ಧಕ್ಕೇ ಕೆಳಗಿಟ್ಟೆ. ಪಡುಕೇರಿ ಬಿಟ್ಟು ಎಲ್ಲೂ ಇರದ ಹೆಂಗಸು. ಮನೆಯ ಮುಂದಿನ ಕಡಲನ್ನು ಬೆಳಿಗ್ಗೆ ಎದ್ದು ನೋಡಿ, ರಾತ್ರಿ ಮಲಗುವಾಗ ಅದರ ಸದ್ದು ಕೇಳಿ ಬಾಳಿದವರು. ನನ್ನ ಮಾನ ಹೋಗುವುದು ಹೋಗಲಿ, ಅದು ಹಿಂದೆಯೂ ಹೋಗಿ ಬಂದು ಮಾಡಿದೆ. ಆದರೆ ಶೀನಣ್ಣ ಆ ಗೋಡೆಯ ಮುಂದೆ ಈಗ ಬೆನ್ನು ನೋವು ಮರೆತು ಕೂರುತ್ತಿದ್ದ. ಒಂದು ಮಾತಿನಲ್ಲಿ ಅದು ಮತ್ತೆ ಬರೀ ಗೋಡೆಯಾಗುತ್ತದೆ.

ಪೂಜೆಯ ದಿನ ರತ್ನಕ್ಕ ಬಂದರು. ಒಣಗಿದ ಶುಂಠಿಯ ಹಾಗೆ ಸಣ್ಣ ಆಕೃತಿ, ತಲೆಗೆ ಒಂದು ಅಬ್ಬಲಿಗೆ ದಂಡೆ. ಪಶ್ಚಿಮಾಭಿಮುಖ ಗಣಪತಿಗೆ ಕೈ ಮುಗಿದು ಗೋಡೆಯ ಮುಂದೆ ನಿಂತರು. ಶೀನಣ್ಣ ಗಲ್ಲಾದಿಂದ ಎದ್ದು ಬಂದು ಪಕ್ಕದಲ್ಲಿ ನಿಂತ, ಪರೀಕ್ಷೆ ಬರೆದ ಹುಡುಗನ ಹಾಗೆ. ರತ್ನಕ್ಕ ಗಾಜಿನ ಮೇಲೆ ಬೆರಳಿಟ್ಟು ಈ ಕಡೆಯಿಂದ ಆ ಕಡೆಗೆ ಎಳೆದರು.

“ಎಷ್ಟ್ ಹೊಯ್ಗಿ ಅಲ್ದಾ!” ಎಂದರು.

ಬೆರಳು ಮೂಲೆಯ ಹತ್ತಿರ ನಿಂತಿತು. “ಹ್ವಾಯ್, ಈ ಮೂಲಿಯಂಗೆ ನಿಂತದ್ ಯಾರ್? ಬಾಯಂಗೆ ಎಂತದ್ ಅದ್?”

ಎಲ್ಲರೂ ಬಗ್ಗಿದರು. ನಾನೂ ಬಗ್ಗಿದೆ. ಸತ್ಯ ಹೇಳುತ್ತೇನೆ, ಆ ಮನುಷ್ಯನನ್ನು ನಾನು ಅಲ್ಲಿಯವರೆಗೆ ನೋಡಿರಲೇ ಇಲ್ಲ. ದೋಣಿಯ ನೆರಳಿನಲ್ಲಿ ಲುಂಗಿ ಮೇಲೆ ಕಟ್ಟಿ ನಿಂತು, ಕಡಲನ್ನು ನೋಡುತ್ತಾ, ಒಬ್ಬ ಹಲ್ಲುಜ್ಜುತ್ತಿದ್ದ. ಕೆನ್ನೆ ಒಂದು ಕಡೆ ಉಬ್ಬಿತ್ತು. ಬ್ರಷ್ಷಿನ ಹಿಡಿ ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ಫೋನಿನ ಕ್ಯಾಮೆರಾ ಅಷ್ಟು ಒಳ್ಳೆಯದು.

“ಅತ್ತೆ, ಬ್ರಶ್ ಪಣ್ಣ್ರಾರು!” ಎಂದಳು ವಿನುತಾ. ನನ್ನ ಕಡೆ ತಿರುಗಿದಳು. “ಅಂಕಲ್, ಸಂಜೆ ಯಾರು ಬ್ರಶ್ ಮಾಡ್ತಾರೆ?”

ಬಾಯಿಬಡುಕನೆಂದು ಹೆಸರಾದ ನಾನು ಗಣಪತಿಯ ಕಡೆ ನೋಡಿದೆ. ಶೀನಣ್ಣ ಕನ್ನಡಕ ಒರೆಸಿಕೊಂಡು ಗೋಡೆಗೆ ಮೂಗು ತಾಗಿಸಿದ್ದ. ರತ್ನಕ್ಕ ನನ್ನ ಮುಖ ನೋಡಿದರು. ತಮ್ಮನ ಬೆನ್ನು ನೋಡಿದರು.

“ಶೀನ, ಇದ್ ನಮ್ ತೆಂಕುಮನಿ ಮಂಜ ಅಲ್ದನಾ!” ಎಂದರು. “ಅವ ಏಳುದೇ ಸಂಜಿಗೆ. ರಾತ್ರಿ ಇಡೀ ಯಕ್ಷಗಾನ ಕಾಂಬುದ್, ಹಗಲ್ ಇಡೀ ವರಗುದ್. ಹೊತ್ತ್ ಕಂತುವತಿಗೆ ಹಲ್ಲುಜ್ಜುಕ್ ಕಡ್ಲಿಗ್ ಬತ್ತ.”

“ಮಂಜನಾ!” ಶೀನಣ್ಣನ ಮುಖ ಅರಳಿತು. “ಹೌದ್ ಅಕ್ಕ, ಅವನೇ! ನಿಂತ ಗತ್ತ್ ಕಾಣ್! ಅವನಿಗೆ ಇನ್ನೂ ಹಲ್ಲ್ ಇತ್ತಾ?”

“ಇಲ್ದೆ ಉಜ್ತ್ನಾ?”

ಹೋಟೆಲು ನಕ್ಕಿತು. ಶೀನಣ್ಣ ಮಂಜನ ಕಥೆ ಶುರುಮಾಡಿದ. ಮಂಜ ಪಾತ್ರಧಾರಿಯ ಕಿರೀಟ ಕದ್ದು ತಲೆಗಿಟ್ಟುಕೊಂಡು ಶಾಲೆಗೆ ಬಂದದ್ದು, ಹೀಗೆ. ಕಥೆಯ ನಡುವೆ ತಿರುಗಿ ಕೇಳಿದ. “ಅಕ್ಕ, ಹೊಯ್ಗಿ ಹಾಂಗೇ ಇತ್ತಲ್ದಾ?”

“ಕಾಣ್ ನೀನೇ. ಎದ್ರೇ ಇತ್ತಲೆ” ಎಂದರು ರತ್ನಕ್ಕ.

ಊಟವಾದ ಮೇಲೆ ಕೈ ತೊಳೆಯುವಲ್ಲಿ ಅವರೂ ನಾನೂ ಅಕ್ಕಪಕ್ಕ ನಿಂತೆವು. ಸೆರಗಿಗೆ ಕೈ ಒರೆಸುತ್ತಾ, ನಲ್ಲಿಯ ಕಡೆಗೇ ನೋಡುತ್ತಾ ಹೇಳಿದರು: “ಫೋಟೋ ಚಂದ ಬಂದಿತ್ತ್. ಯಾವ ಫೋನ್ ಅದ್? ಇಲ್ಲದ್ ಸಹ ಕಾಣತ್ತಲೆ.” ನಾನು ಕೈ ಮುಗಿದೆ. ಇಷ್ಟು ವರ್ಷಗಳ ಕುಚೋದ್ಯದ ಸರ್ವಿಸಿನಲ್ಲಿ ನನಗಿಂತ ಮೇಲಿನ ಅಧಿಕಾರಿಯನ್ನು ಕಂಡದ್ದು ಅಂದೇ.

ಇದಿಷ್ಟೂ ನಡೆದದ್ದು. ನಡುವೆ ಒಂದು ವಿವರ ಮಾತ್ರ ನಾನು ಕಟ್ಟಿದ್ದು. ಯಾವುದು, ಹೇಳಿ ನೋಡೋಣ. ಹಲ್ಲುಜ್ಜುವವನೇ? ಅಲ್ಲ, ಹೋಗಿ ನೋಡಿ, ಇನ್ನೂ ಉಜ್ಜುತ್ತಿದ್ದಾನೆ. ದಿಕ್ಕು ತಪ್ಪಿದ ಗಣಪತಿಯೇ? ಅದೂ ಅಲ್ಲ. ಗಡಿಯಾರದ ಗೋಪುರಕ್ಕೆ ಭಾವಮೈದನ ಸಾಕ್ಷಿ ಇದೆ.

ಪಡುಕೇರಿಯಲ್ಲಿ ತೆಂಗಿನ ಮರದ ಕೆಳಗೆ ನಿದ್ದೆ ಬಂತು ಎಂದೆನಲ್ಲ, ಅದು. ಗೂಡ್ಸ್ ಗಾರ್ಡಿಗೆ ಎಲ್ಲಿಯ ಹಗಲುನಿದ್ದೆ. ಅಂದು ಸಂಜೆ ಸೂರ್ಯ ಹೊತ್ತಿಗೆ ಸರಿಯಾಗಿ ಇಳಿದ, ನಾನೂ ಸರಿಯಾಗಿ ಒತ್ತಿದೆ, ಚೆನ್ನಾಗಿಯೇ ಬಂದಿದ್ದಾನೆ. ಮರಳು ಇರಲಿಲ್ಲ. ಎಳೆದು ಹಾಕಲು ಜಾಗವಿಲ್ಲವೆಂದು ದೋಣಿಗಳೂ ಇರಲಿಲ್ಲ. ಕಡಲು ಒಳಗೆ ಬರದಿರಲೆಂದು ಲಾರಿಯಲ್ಲಿ ತಂದು ಸುರಿದ ಕಪ್ಪು ಬಂಡೆಗಳು ಉದ್ದಕ್ಕೂ. ಆ ಕಡೆ ಅಲೆ, ಈ ಕಡೆ ರತ್ನಕ್ಕನ ಬೇಲಿ. ಹತ್ರವೇ ಇತ್ತ್ ಎಂದು ಅವರು ಪ್ರತಿ ಭಾನುವಾರ ತಮ್ಮನಿಗೆ ಹೇಳುತ್ತಿದ್ದುದು ನಿಜವೇ. ಬಂಡೆಯ ಮೇಲೆ ನಿಂತು ಫೋಟೋ ತೆಗೆಯುವಾಗ ಒಂದು ಅಲೆ ಬಂದು ನನ್ನ ಸೊಂಟದವರೆಗೆ ಹೊಡೆಯಿತು. ಪದ್ಮಾಳಿಗೆ ಪ್ಯಾಂಟು ಒದ್ದೆಯಾಗಿ ಕಂಡದ್ದು ಅದಕ್ಕೆ.

ಆ ಫೋಟೋ ಅಳಿಸಿಲ್ಲ. ಮೊನ್ನೆ ಶೀನಣ್ಣ ಎಂದಿನಂತೆ ನನ್ನ ಫೋನು ಕಿತ್ತುಕೊಂಡು ಸರಿಸುತ್ತಾ ಸರಿಸುತ್ತಾ ಅದಕ್ಕೂ ಬಂದುಬಿಟ್ಟ. ಬೆರಳು ನಿಂತಿತು.

“ಇದ್ ಎಲ್ಲಿದ್ ಗಾರ್ಡ್ರೇ? ಬರೀ ಕಲ್ಲ್.”

“ಎಣ್ಣೂರು” ಎಂದೆ. “ಬೆಳಿಗ್ಗೆ ತೆಗೆದದ್ದು.”

“ಹಾಂಗೇ ಕಾಣತ್ತ್” ಎಂದು ಮುಂದಿನದಕ್ಕೆ ಸರಿಸಿದ.